ಇಳಕಲ್ಲಿನ ಮಗ್ಗದ ಮನೆ



ಇಂದು ನಾವು ಮಾತನಾಡಬೇಕೆಂದಿರುವುದು ಒಂದು ಸೀರೆಯ ವಿಷಯ. ಕಾಲೇಜಿನಲ್ಲಿ ಅರ್ಥಶಾಸ್ತ್ರವನ್ನು ಬೋಧಿಸುವವರಿಗೆ ಸೀರೆಯ ಗೊಡವೆಯೇಕೆಂದು ಕೆಲವರು ನಗಬಹುದು. ನಕ್ಕರೆ ತಪ್ಪಿಲ್ಲ, ಈ ಗೊಡವೆಗೆ ನಾವು ಸಿಕ್ಕಿಬಿದ್ದದ್ದೇ ಒಂದು ನಗೆಪಾಟಲಿನಿಂದ. ಮೊದಲು ಅದನ್ನು ಅರಿಕೆಮಾಡಿಕೊಂಡು ಮುಂದೆ ಹೋಗುತ್ತೇವೆ.

ನಮ್ಮ ಸೋದರತ್ತೆಯವರನ್ನು ಐವತ್ತು ವರ್ಷಗಳ ಹಿಂದೆ ವಿಜಯಪುರದ ಸೀಮೆಗೆ ಕೊಟ್ಟು ಮದುವೆಮಾಡಿದ್ದರು. ಅವರು ಹುಟ್ಟಿ ಬೆಳೆದದ್ದು ಮೈಸೂರಿನಲ್ಲಾದರೂ ಈಗ ಅವರ ಮಾತು, ಊಟ, ಉಡುಗೆ ಮೂರೂ ಆ ಕಡೆಯವೇ. ಅವರ ಮೊಮ್ಮಗಳ ಮದುವೆಗೆ ಹೊರಟಾಗ, ಅತ್ತೆಗೆ ಮೆಚ್ಚಿಗೆಯಾದೀತೆಂದು ಪಟ್ಟಣದ ಒಂದು ದೊಡ್ಡ ಅಂಗಡಿಯಲ್ಲಿ ಕಪ್ಪು ಒಡಲು, ಕೆಂಪು ಸೆರಗಿನ ಇಳಕಲ್ ಸೀರೆಯೊಂದನ್ನು ಕೊಂಡೆವು. ಬೆಲೆಯೇನೂ ಕಡಮೆಯಾಗಿರಲಿಲ್ಲ. ಅತ್ತೆಯವರು ಸೀರೆಯನ್ನು ಬಿಚ್ಚಿದರು. ಅದರ ಚಿತ್ತಾರವನ್ನಾಗಲಿ ದಡಿಯನ್ನಾಗಲಿ ಅವರು ನೋಡಲಿಲ್ಲ. ಒಳಮಗ್ಗುಲನ್ನು ಹೊರಕ್ಕೆ ತಿರುವಿ, ಒಡಲು ಮುಗಿದು ಸೆರಗು ತೊಡಗುವ ಎಡೆಯನ್ನು ಕಣ್ಣಿಗೆ ಹತ್ತಿರ ಹಿಡಿದು, ಹೆಬ್ಬೆರಳಿನಿಂದ ಒಂದು ಸಲ ಸವರಿದರು. ಬಳಿಕ ಮಡಿಕೆ ಕೆಡದಂತೆ ಮಡಿಸಿಟ್ಟು, "ಛಲೋ ಅದ. ಆದರ ಇದು ಇಳಕಲ್ಲ ಸೀರಿ ಅಲ್ಲಪಾ; ಇಳಕಲ್ಲ ಸೀರಿ ಹಂಗ ಅದ, ಅಷ್ಟ" ಎಂದರು.

ಕೊಳ್ಳುವವನಿಗೆ ಸರಕಿನ ಗುಣಾವಗುಣಗಳೆಲ್ಲ ತಿಳಿದಿರುತ್ತವೆ ಎಂದು ಊಹಿಸಿಕೊಂಡು ವರ್ಷಕ್ಕೆ ಇಷ್ಟು ಸಲ ಕರಿಹಲಗೆಯ ಮೇಲೆ ಬೇಡಿಕೆಯ ರೇಖೆಯನ್ನು ಎಳೆಯುವವರು ನಾವು. ಅಂಗಡಿಯವರ ಮೇಲೆ ತಪ್ಪು ಹೊರಿಸುವಂತೆಯೂ ಇರಲಿಲ್ಲ. ಅವರು ಇಳಕಲ್ ಎಂದಿದ್ದರೇ ಹೊರತು ಕೈಮಗ್ಗದ್ದು ಎಂದಿರಲಿಲ್ಲ; ಉಳಿದುದನ್ನು ನಾವೇ ಊಹಿಸಿಕೊಂಡಿದ್ದೆವು. ಅತ್ತೆಯವರು ಒಳಗೆ ಹೋಗಿ, ಟ್ರಂಕಿನಿಂದ ತಮ್ಮ ಹಳೆಯ ಒಂಬತ್ತು ಗಜದ ಸೀರೆಯನ್ನು ತಂದು, ನಮ್ಮ ಹೆಬ್ಬೆರಳನ್ನು ಹಿಡಿದು ಅದೇ ಎಡೆಯಲ್ಲಿ ಸವರಿಸಿದರು. ಅಲ್ಲಿ ಅಡ್ಡಲಾಗಿ, ಸೀರೆಯ ಅಗಲಕ್ಕೂ, ಸಾಸಿವೆಗಿಂತ ಸಣ್ಣದಾದ ಉಬ್ಬುಗಳ ಒಂದು ಸಾಲು ಬೆರಳಿಗೆ ಹತ್ತಿತು.

ಆ ಸಾಲಿನ ಮರ್ಮವೇನೆಂಬುದನ್ನು ಸ್ವಲ್ಪ ವಿವರಿಸುತ್ತೇವೆ. ಸೀರೆಯ ಉದ್ದಕ್ಕೆ ಹೋಗುವ ಎಳೆಗಳು ಹಾಸು, ಅಡ್ಡಕ್ಕೆ ಹೋಗುವವು ಹೊಕ್ಕು ಎಂಬುದನ್ನು ಎಲ್ಲರೂ ಬಲ್ಲಿರಿ. ಯಾವುದಾದರೊಂದು ಸಂಗತಿ ನಮ್ಮ ಬಾಳಿನಲ್ಲಿ ಹಾಸುಹೊಕ್ಕಾಗಿದೆ ಎಂದು ದಿನಕ್ಕೆ ನಾಲ್ಕು ಸಲ ಹೇಳುವ ನಾವು ಆ ಮಾತು ನೇಕಾರನ ಮನೆಯದೆಂಬುದನ್ನು ಮರೆತೇ ಆಡುತ್ತೇವೆ. ಸಾಮಾನ್ಯವಾದ ಸೀರೆಯಲ್ಲಿ ಹಾಸಿನ ಎಳೆಗಳು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಂದೇ ಆಗಿ ಹರಿಯುತ್ತವೆ. ಸೆರಗಿನಲ್ಲಿ ಬೇರೆ ಬಣ್ಣ ಬೇಕಾದರೆ ಹೊಕ್ಕನ್ನು ಮಾತ್ರ ಬದಲಿಸುತ್ತಾರೆ. ಆಗ ಒಡಲಿನ ಹಾಸಿನ ಕಪ್ಪು ಸೆರಗಿನ ಕೆಂಪಿನ ಒಳಗಿನಿಂದ ಇಣುಕಿ ಅದನ್ನು ಮಂಕುಗೊಳಿಸುತ್ತದೆ. ಇಳಕಲ್ ಸೀರೆಯ ಸೆರಗು ಹಾಗೆ ಮಂಕಾಗುವುದಿಲ್ಲ. ಏಕೆಂದರೆ ಅಲ್ಲಿ ಹೊಕ್ಕು ಮಾತ್ರವಲ್ಲದೆ ಹಾಸೂ ಕೆಂಪೇ. ಒಡಲಿನ ಹತ್ತಿಯ ಹಾಸು ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ಈ ಎರಡು ಹಾಸುಗಳನ್ನು ಎಳೆಗೆ ಎಳೆ, ಕೊಂಡಿಗೆ ಕೊಂಡಿ ಸಿಕ್ಕಿಸಿ ಕೂಡಿಸಬೇಕು. ಎಳೆಗಳು ಹತ್ತಾರಲ್ಲ, ಸಾವಿರಗಟ್ಟಲೆ. ಅತ್ತೆಯವರ ಹೆಬ್ಬೆರಳು ಹುಡುಕಿದ್ದು ಆ ಕೊಂಡಿಗಳನ್ನು.

ಇಂತಹ ಸೆರಗಿಗೆ ಟೋಪ ತೆನಿ ಸೆರಗು ಎಂದು ಹೆಸರು. ಕೆಂಪು ನೆಲದ ಮೇಲೆ ಬಿಳಿಯ ಸಾಲುಗಳು. ಆ ಸಾಲುಗಳಲ್ಲಿ ಹಣಿಗೆಯ ಹಲ್ಲಿನಂತೆ ಮೇಲೆದ್ದ ಮೊನೆಗಳು. ಕೆಲವರು ಅವನ್ನು ಜೋಳದ ತೆನೆಯೆನ್ನುತ್ತಾರೆ, ಕೆಲವರು ಕೋಟೆಯ ತೆನೆಯೆನ್ನುತ್ತಾರೆ. ನಮ್ಮ ಭಾಷೆಯಲ್ಲಿ ಹೊಲದ ಪೈರಿನ ತಲೆಗೂ ಕೋಟೆಯ ಗೋಡೆಯ ತಲೆಗೂ ತೆನೆ ಎಂಬ ಒಂದೇ ಮಾತಿರುವುದರಿಂದ ಈ ವ್ಯಾಜ್ಯ ತೀರುವಂತಿಲ್ಲ, ತೀರಬೇಕಾದುದೂ ಇಲ್ಲ.

ಮದುವೆ ಮುಗಿದ ಮೂರನೆಯ ದಿನ ನಾವು ಇಳಕಲ್ಲಿಗೆ ಹೋದೆವು. ಊರು ಬಾಗಲಕೋಟೆ ಜಿಲ್ಲೆಯ ಆಗ್ನೇಯದ ಮೂಲೆಯಲ್ಲಿದೆ. 1997ರಲ್ಲಿ ಆ ಜಿಲ್ಲೆ ಬೇರೆಯಾಗುವ ತನಕ ವಿಜಯಪುರ ಜಿಲ್ಲೆಗೆ ಸೇರಿತ್ತು. ದಕ್ಷಿಣದಿಂದ ಹೋಗುವವರು ಹೊಸಪೇಟೆಯನ್ನು ದಾಟಿ ಕುಷ್ಟಗಿಯ ಮೇಲೆ ಹೋಗಬಹುದು. ಸುತ್ತ ಕೆಂಪು ಕಲ್ಲಿನ ಗಣಿಗಳು. ಆ ಕಲ್ಲು ಹಡಗು ಹತ್ತಿ ಪರದೇಶಗಳ ದೊಡ್ಡ ಮನೆಗಳ ನೆಲವಾಗುತ್ತದೆ. ಊರೊಳಗೆ ಹೊಕ್ಕರೆ ಕಣ್ಣಿಗಿಂತ ಮೊದಲು ಕಿವಿಗೆ ಕೆಲಸ. ಕೆಲವು ಓಣಿಗಳಲ್ಲಿ ವಿದ್ಯುತ್ ಮಗ್ಗಗಳ ಶಬ್ದ ಮಳೆ ಹೊಡೆದಂತೆ ಒಂದೇ ಸಮನೆ ಕೇಳುತ್ತದೆ. ಕೆಲವು ಓಣಿಗಳಲ್ಲಿ ಮಾತ್ರ ನಿಂತು ನಿಂತು, ಉಸಿರು ತೆಗೆದುಕೊಂಡು ಬರುವ ಇನ್ನೊಂದು ಶಬ್ದವಿದೆ. ಅತ್ತೆಯವರ ಪರಿಚಯದವರೊಬ್ಬರು ನಮ್ಮನ್ನು ಅಂತಹ ಒಂದು ಓಣಿಯ ಒಂದು ಮನೆಗೆ ಕರೆದೊಯ್ದು ಬಿಟ್ಟರು.

ಆ ಮನೆಯಲ್ಲಿ ಗಂಡ, ಹೆಂಡತಿ, ಗಂಡನ ತಾಯಿ ಮತ್ತು ಕಾಲೇಜಿಗೆ ಹೋಗುವ ಮಗಳು ಇದ್ದರು. ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆಂದು ಹೇಳಿದರು. ಪಡಸಾಲೆಯಲ್ಲಿ ಎರಡು ಕುಣಿಮಗ್ಗಗಳು. ಕುಣಿಮಗ್ಗವನ್ನು ಕಾಣದವರಿಗಾಗಿ ಹೇಳುತ್ತೇವೆ: ಮನೆಯ ನೆಲವನ್ನೇ ಅಗೆದು ಕುಣಿ ಮಾಡಿರುತ್ತಾರೆ. ನೇಕಾರನು ನೆಲದ ಅಂಚಿನ ಮೇಲೆ ಕುಳಿತು ಕಾಲುಗಳನ್ನು ಕುಣಿಯೊಳಕ್ಕೆ ಇಳಿಬಿಡುತ್ತಾನೆ. ತುಳಿಯುವ ಹಲಗೆಗಳು ಅಲ್ಲಿರುತ್ತವೆ. ಹಾಸು ಅವನ ಮುಂದೆ ನೆಲಕ್ಕೆ ತೀರ ಹತ್ತಿರದಲ್ಲಿ ಚಾಚಿಕೊಂಡಿರುತ್ತದೆ. ಇದು ಬಡತನದ ಏರ್ಪಾಡೆಂದು ನಾವು ಎಣಿಸಿದ್ದೆವು. ಹಾಗಲ್ಲ. ಆ ಸೀಮೆಯ ಒಣಹವೆಯಲ್ಲಿ ಹತ್ತಿಯ ನೂಲು ಬೇಗ ಕಡಿಯುತ್ತದೆ. ನೆಲದ ತಂಪು ಅದನ್ನು ಕಾಪಾಡುತ್ತದೆ. ಅಂತೂ ಈ ಮಗ್ಗವು ಮನೆಯೊಳಗೆ ತಂದಿಟ್ಟ ಸಾಮಾನಲ್ಲ, ಮನೆಯ ಒಂದು ಅಂಗ. ಮೇಜನ್ನೋ ಮಂಚವನ್ನೋ ಸರಿಸಿದಂತೆ ಅದನ್ನು ಸರಿಸಲಾಗದು. ಕುಣಿಯನ್ನು ಮುಚ್ಚಿದರೆ ಮಗ್ಗ ಹೋಯಿತು.

ಒಂದು ಮಗ್ಗದಲ್ಲಿ ಗಂಡನು ನೇಯುತ್ತಿದ್ದನು. ಎರಡನೆಯದರ ಮೇಲೆ ಹಳೆಯ ಪಂಚೆಯೊಂದನ್ನು ಹೊದಿಸಿದ್ದರು. ಅದು ಮಗನ ಮಗ್ಗ.

ನಾವು ಸುಮಾರು ನಾಲ್ಕು ಗಂಟೆಗಳ ಕಾಲ ಅಲ್ಲಿ ಕುಳಿತಿದ್ದೆವು. ನಮ್ಮ ತರಗತಿಗಳಲ್ಲಿ ಪ್ರತಿ ವರ್ಷವೂ ಜೂನ್ ತಿಂಗಳಿನಲ್ಲಿ ಬರುವ ಒಂದು ಪಾಠ ಆಗ ನೆನಪಾಯಿತು. ಸ್ಕಾಟ್ಲೆಂಡಿನ ಪಂಡಿತನಾದ ಆಡಮ್ ಸ್ಮಿತ್ 1776ರಲ್ಲಿ ಪ್ರಕಟಿಸಿದ ವೆಲ್ತ್ ಆಫ್ ನೇಷನ್ಸ್ ಎಂಬ ಗ್ರಂಥದ ಮೊದಲಿನಲ್ಲೇ ಗುಂಡುಸೂಜಿಯ ಕಾರ್ಖಾನೆಯ ಉದಾಹರಣೆಯಿದೆ. ಒಂದು ಗುಂಡುಸೂಜಿಯನ್ನು ಮಾಡುವುದರಲ್ಲಿ ಸುಮಾರು 18 ಕೆಲಸಗಳಿವೆಯೆಂದೂ, ಅವನ್ನು ಹಂಚಿಕೊಂಡದ್ದರಿಂದ 10 ಜನರು ದಿನಕ್ಕೆ 48,000 ಸೂಜಿಗಳನ್ನು ಮಾಡುತ್ತಿದ್ದರೆಂದೂ ಆತನು ಬರೆದಿದ್ದಾನೆ. ಇಳಕಲ್ಲಿನ ಆ ಪಡಸಾಲೆಯಲ್ಲಿ ಕುಳಿತು ನಾವೂ ಎಣಿಸತೊಡಗಿದೆವು. ಬಣ್ಣಗಾರರಿಂದ ಬಂದ ಲಡಿಯನ್ನು ಬಿಡಿಸುವುದು ಒಂದು. ಕಡಿದ ಎಳೆಗಳನ್ನು ಹುಡುಕಿ ಗಂಟುಹಾಕುವುದು ಎರಡು. ರಾಟೆಯ ಮೇಲೆ ಸುತ್ತುವುದು, ಹಾಸು ಹೂಡುವುದು, ಅದಕ್ಕೆ ಗಂಜಿ ಹಾಕಿ ಒಣಗಿಸುವುದು. ಹಣಿಗೆಯಲ್ಲಿ ಉಳಿದಿರುವ ಹಳೆಯ ಹಾಸಿನ ತುದಿಗಳಿಗೆ ಹೊಸ ಹಾಸಿನ ತುದಿಗಳನ್ನು ಒಂದೊಂದಾಗಿ ಹೊಸೆದು ಕೂಡಿಸುವುದು. ಇದಕ್ಕೆ ನೇಕಾರರ ಮಾತಿನಲ್ಲಿ ಕೆಚ್ಚುವುದು ಎನ್ನುತ್ತಾರೆ. ಅದಕ್ಕೂ ಮೊದಲು ಸೆರಗಿನ ಹಾಸಿಗೆ ಒಡಲಿನ ಹಾಸನ್ನು ಕೊಂಡಿಹಾಕುವುದು. ಲಾಳಿಗೆ ಬೇಕಾದ ಕಂಡಿಕೆಗಳನ್ನು ಸುತ್ತುವುದು. ಅದರಲ್ಲೂ ಒಡಲಿಗೊಂದು, ಎರಡು ದಡಿಗಳಿಗೆ ಎರಡು, ಹೀಗೆ ಮೂರು ಲಾಳಿಗಳು ಆಡುವುದರಿಂದ ಮೂರು ಬಗೆಯ ಕಂಡಿಕೆಗಳು. ಹದಿಮೂರಕ್ಕೆ ಬರುವಷ್ಟರಲ್ಲಿ ಅಜ್ಜಿಯವರು ಚಹ ತಂದರು, ಎಣಿಕೆ ತಪ್ಪಿತು.

ಸ್ಮಿತ್ ಪಂಡಿತನ ಕಾರ್ಖಾನೆಗೂ ಈ ಪಡಸಾಲೆಗೂ ಒಂದು ಅಂತರವಿತ್ತು. ಅಲ್ಲಿ ಹತ್ತು ಜನ ದುಡಿದರೆ ಹತ್ತು ಜನಕ್ಕೆ ಕೂಲಿ. ಇಲ್ಲಿ ಕೂಲಿ ಸೀರೆಗೆ ಒಂದು. ಅದು ಬರುವುದು ಮಗ್ಗದಲ್ಲಿ ಕುಳಿತವನ ಹೆಸರಿಗೆ. ನಾವು ನೋಡಿದಂತೆ ಅಜ್ಜಿಯವರು ಕಂಡಿಕೆ ಸುತ್ತುತ್ತಿದ್ದರು. ಸೊಸೆ ಮಧ್ಯಾಹ್ನದ ಅಡಿಗೆಯನ್ನು ಮುಗಿಸಿಬಂದು, ಕಿಟಕಿಯ ಬೆಳಕಿಗೆ ಬೆನ್ನುಮಾಡಿ, ಮುಂದಿನ ಸೀರೆಯ ಕೊಂಡಿಗಳನ್ನು ಹಾಕಲು ಕುಳಿತರು. ಮಗಳು ಕಾಲೇಜಿನಿಂದ ಬಂದವಳು ಪುಸ್ತಕವನ್ನು ಗೂಡಿನಲ್ಲಿಟ್ಟು ತಾಯಿಯ ಎದುರಿಗೆ ಕುಳಿತು ಎಳೆಗಳನ್ನು ಹಿಡಿದಳು. ಇಬ್ಬರ ಬೆರಳುಗಳೂ ಮಾತಾಡುವಾಗಲೂ ನಿಲ್ಲಲಿಲ್ಲ.

ಸೀರೆಯೊಂದಕ್ಕೆ ಎಷ್ಟು ದೊರೆಯುತ್ತದೆಂದು ಕೇಳಿದೆವು. ಹೇಳಿದರು. ಒಂದು ಮನೆಯವರು ನಂಬಿ ಹೇಳಿದ ಲೆಕ್ಕವನ್ನು ಬಾನುಲಿಯಲ್ಲಿ ಸಾರುವುದು ಸಭ್ಯತೆಯಲ್ಲ. ಒಂದು ಸೀರೆಗೆ ಹಿಡಿಯುವ ದಿನಗಳಿಂದ ನಾವು ಅದನ್ನು ಭಾಗಿಸಿದೆವು. ದಿನವೊಂದಕ್ಕೆ ಬಂದುದನ್ನು ದುಡಿಯುವ ಕೈಗಳಿಂದ ಭಾಗಿಸಿದೆವು. ಬಂದ ಅಂಕಿಯನ್ನು ನೋಡಿ, ಎಲ್ಲೋ ತಪ್ಪಿದೆಯೆಂದು ಇನ್ನೊಂದು ಸಲ ಭಾಗಿಸಿದೆವು. ತಪ್ಪಿರಲಿಲ್ಲ. ಅಷ್ಟರಲ್ಲಿ ಆಕೆ ನಮ್ಮ ಕಾಗದದ ಕಡೆ ನೋಡಿ, "ನಮ್ಮನ್ಯಾಕ ಲೆಕ್ಕಕ್ಕ ಹಿಡೀತೀರಿ ಸರ್? ಕೊಂಡಿ ಹಾಕೂದಕ್ಕ ಕೂಲಿ ಯಾರ್ ಕೊಡ್ತಾರ? ಅದು ಮನೀ ಕೆಲಸರೀ" ಎಂದರು.

ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಇಳಕಲ್ ಸೀರೆಯನ್ನು ಇಳಕಲ್ ಸೀರೆಯನ್ನಾಗಿ ಮಾಡುವ ಕೆಲಸವೇ ಆ ಕೊಂಡಿ. ಅತ್ತೆಯವರು ಬೆರಳಾಡಿಸಿ ಹುಡುಕುವುದು ಅದನ್ನು. ಅಂಗಡಿಯವರು ಬೆಲೆ ಹೇಳುವಾಗ ಹೊಗಳುವುದು ಅದನ್ನು. ಕೂಲಿಯ ಪಟ್ಟಿಯಲ್ಲಿ ಮಾತ್ರ ಅದು ಅನ್ನ ಬಸಿದಂತೆ, ಅಂಗಳ ಗುಡಿಸಿದಂತೆ ಒಂದು ಮನೆಗೆಲಸ. ಇನ್ನೊಂದು ತೊಡಕೂ ಇದೆ. ಬೇರೆ ಊರುಗಳ ಮಗ್ಗಗಳಲ್ಲಿ ಹಲವು ಸೀರೆಗಳ ಹಾಸನ್ನು ಒಟ್ಟಿಗೆ ಸುತ್ತಿಟ್ಟು ಒಂದಾದ ಮೇಲೊಂದನ್ನು ನೇಯಬಹುದು. ಇಲ್ಲಿ ಒಡಲು ಮುಗಿದಲ್ಲಿ ಸೆರಗಿನ ಬೇರೆ ಹಾಸು ಬರಬೇಕಾದುದರಿಂದ ಆರು ಗಜವಾಗಲಿ, ಎಂಟು ಗಜವಾಗಲಿ, ಒಂಬತ್ತು ಗಜವಾಗಲಿ, ಒಂದೊಂದು ಸೀರೆಯ ಹಾಸನ್ನೂ ಬೇರೆಬೇರೆಯಾಗಿಯೇ ಹೂಡಬೇಕು. ಅಂದರೆ ಕೊಂಡಿಯ ಕೆಲಸ, ಕೆಚ್ಚುವ ಕೆಲಸ ಪ್ರತಿ ಸೀರೆಗೂ ಹೊಸದಾಗಿ ಮೊದಲಾಗುತ್ತವೆ. ಎಷ್ಟು ಸಲ ಮೊದಲಾದರೂ ಅವಕ್ಕೆ ಲೆಕ್ಕವಿಲ್ಲ.

ವಿದ್ಯುತ್ ಮಗ್ಗದ ಸೀರೆಯ ವಿಷಯಕ್ಕೆ ಬರೋಣ. ಅದನ್ನು ಹಳಿಯಲು ನಮಗೆ ಮನಸ್ಸಿಲ್ಲ. ಅದನ್ನು ನಡೆಸುವವರೂ ಅದೇ ಊರಿನ ಬಡವರೇ. ಅದನ್ನು ಉಡುವವರಲ್ಲಿ ಹೆಚ್ಚಿನವರು ಹೊಲಗದ್ದೆಗಳಲ್ಲಿ ದುಡಿಯುವ ಹೆಂಗಸರು. ಅಗ್ಗವಾದ ಒಳ್ಳೆಯ ಸೀರೆಯನ್ನು ಉಡಬೇಡಿರೆಂದು ಅವರಿಗೆ ಉಪದೇಶ ಮಾಡುವ ಅಧಿಕಾರ ಸಂಬಳದವರಾದ ನಮಗಿಲ್ಲ. ತಕರಾರಿರುವುದು ಹೆಸರಿನಲ್ಲಿ. ಕೊಂಡಿಯಿಲ್ಲದ ಸೀರೆ ಕೊಂಡಿಯಿರುವ ಸೀರೆಯ ಹೆಸರನ್ನೂ, ಸಾಧ್ಯವಾದಾಗ ಅದರ ಬೆಲೆಯನ್ನೂ ತೆಗೆದುಕೊಂಡರೆ, ಆ ಹೆಂಗಸಿನ ಬೆರಳುಗಳ ಕೆಲಸ ಮನೆಯಲ್ಲಷ್ಟೇ ಅಲ್ಲ, ಪೇಟೆಯಲ್ಲಿಯೂ ಲೆಕ್ಕಕ್ಕೆ ಬಾರದೆ ಹೋಗುತ್ತದೆ.

ಸರ್ಕಾರ ಸುಮ್ಮನೆ ಕುಳಿತಿದೆಯೆಂದೂ ಹೇಳಲಾಗದು. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯಿದೆ 1985ರಲ್ಲಿ ಬಂತು. ಮೊದಲು 22 ಬಗೆಗಳಿದ್ದ ಆ ಪಟ್ಟಿ ಬಳಿಕ 11ಕ್ಕೆ ಇಳಿಯಿತು. ಸೀರೆ ಅದರಲ್ಲಿ ಉಳಿದಿದೆ. 1999ರ ಭೌಗೋಳಿಕ ಗುರುತಿನ ಕಾಯಿದೆಯ ಮೇರೆಗೆ ಇಳಕಲ್ ಸೀರೆಗೆ ಆ ಗುರುತು ದೊರೆತಿದೆ. ಕೈಮಗ್ಗದ ಬಟ್ಟೆಗೆ ಹಚ್ಚುವ ಮುದ್ರೆಯ ಯೋಜನೆ 2006ರಲ್ಲಿ ತೊಡಗಿತು. ಇಷ್ಟು ಕಾವಲುಗಳಿದ್ದೂ ನಾವು ಮೋಸಹೋದುದು ಹೇಗೆ? ಅಂಗಡಿಯಲ್ಲಿ ಆ ಮುದ್ರೆಯನ್ನು ನಾವು ಕೇಳಲೇ ಇಲ್ಲ. ಬಾಗಿಲಿಗೆ ಎಷ್ಟು ಬೀಗ ಹಾಕಿದರೇನು, ಒಳಗಿನವನೇ ತೆರೆದುಕೊಡುವಾಗ?

ದೇಶದ ಲೆಕ್ಕವನ್ನೂ ಒಂದಿಷ್ಟು ನೋಡಬಹುದು. 2009-10ರ ಕೈಮಗ್ಗದ ಗಣತಿಯಲ್ಲಿ ನೇಯುವವರೂ ಪೂರಕ ಕೆಲಸದವರೂ ಕೂಡಿ 43.31 ಲಕ್ಷ ಜನರಿದ್ದರು. 2019-20ರ ಗಣತಿಯಲ್ಲಿ 35.22 ಲಕ್ಷ. ಈ ಎರಡನೆಯ ಗಣತಿಯಲ್ಲಿ ನೇಕಾರರ ಮನೆಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟರ ತಿಂಗಳ ವರಮಾನ 5,000 ರೂಪಾಯಿಗಿಂತ ಕಡಮೆಯೆಂದು ಕಂಡುಬಂತು. ನೇಯುವವರಲ್ಲಿ ನೂರಕ್ಕೆ 72ರಷ್ಟು ಹೆಂಗಸರೆಂದೂ ಅದು ಹೇಳುತ್ತದೆ. ಈಶಾನ್ಯದ ರಾಜ್ಯಗಳಲ್ಲಿ ಹೆಂಗಸರೇ ಮಗ್ಗದಲ್ಲಿ ಕೂರುವುದರಿಂದ ಈ ಅಂಕಿ ಇಷ್ಟು ದೊಡ್ಡದಾಗಿದೆ. ನಾವು ಕಂಡ ಓಣಿಯಲ್ಲಿ ಮಗ್ಗದ ಮೇಲೆ ಹೆಚ್ಚಾಗಿ ಗಂಡಸರೇ ಇದ್ದರು. ಕೊಂಡಿ ಹಾಕುವವಳು ಯಾವ ಕಲಮಿಗೆ ಸೇರುತ್ತಾಳೆ ಎಂಬುದು ಎಣಿಸಲು ಬಂದವನು ಕೇಳುವ ಪ್ರಶ್ನೆಯ ಮೇಲೆ ನಿಂತಿದೆ. ಬಂದವನು, "ನಿಮ್ಮ ಮನೆಯಲ್ಲಿ ನೇಯುವವರು ಯಾರಮ್ಮಾ?" ಎಂದು ಕೇಳಿದರೆ, ಆಕೆ ಗಂಡನ ಕಡೆ ಬೆರಳು ತೋರಿಸುವುದು ಖಂಡಿತ.

ಮಗ್ಗದ ಮೇಲಿದ್ದ ಸೀರೆ ಮುಗಿಯುತ್ತ ಬಂದಿತ್ತು. ಅತ್ತೆಯವರಿಗೆ ಅದನ್ನೇ ಕೊಡಿರೆಂದು ಕೇಳಿದೆವು. ಪೂರ್ತಿ ಬೆಲೆಯನ್ನು ಅಲ್ಲಿಯೇ ಕೊಡುವುದಾಗಿಯೂ, ಸ್ವಲ್ಪ ಉದಾರಿಗಳಂತೆ, ಹೇಳಿದೆವು. ಗಂಡಹೆಂಡಿರು ಮುಖ ಮುಖ ನೋಡಿಕೊಂಡರು. ಸೀರೆ ಅವರದಾಗಿರಲಿಲ್ಲ. ನೂಲು ಸಾಹುಕಾರರದು, ರೇಷ್ಮೆ ಸಾಹುಕಾರರದು. ಕೂಲಿ ಮಾತ್ರ ಇವರದು. ನೇಯ್ದ ಮನೆಯಲ್ಲಿ ಸೀರೆಯನ್ನು ಕೊಳ್ಳುವ ಹಾಗಿಲ್ಲ! ಸಾಹುಕಾರರನ್ನೂ ಅನ್ಯಾಯವಾಗಿ ದೂರಬಾರದು. ರೇಷ್ಮೆಯ ಬೆಲೆ ಏರಿಳಿದಾಗಲೂ, ಸೀರೆಗಳು ಮಾರಾಟವಾಗದೆ ಕಪಾಟಿನಲ್ಲಿ ಉಳಿದಾಗಲೂ ನಷ್ಟ ಅವರದು. ಮಳೆಗಾಲದಲ್ಲಿ ಮುಂಗಡ ಕೊಡುವವರೂ ಅವರೇ. ಆ ಮುಂಗಡ ತೀರಿದ ದಿನ ಒಂದುಂಟೇ ಎಂದು ಕೇಳಿದುದಕ್ಕೆ ಆತನು ನಕ್ಕು ಲಾಳಿಯನ್ನು ಎಸೆದನು. ನಮ್ಮ ನಾಡಿನಲ್ಲಿ ಸಹಕಾರದ ತತ್ತ್ವವೇನೂ ಹೊಸದಲ್ಲ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿಯೇ ರೈತರ ಸಹಕಾರ ಸಂಘ ಹುಟ್ಟಿತು. ನೇಕಾರರಿಗೂ ಸಂಘಗಳುಂಟು, 1975ರಿಂದ ಸರ್ಕಾರದ ಕೈಮಗ್ಗ ನಿಗಮವೂ ಉಂಟು. ಈ ಮನೆಯವರು ಯಾವುದರಲ್ಲಿಯೂ ಇರಲಿಲ್ಲ. ಹಿಂದೊಮ್ಮೆ ಇದ್ದೆವು ಎಂದಷ್ಟೇ ಹೇಳಿ ಮಾತನ್ನು ಮುಗಿಸಿದರು, ನಾವೂ ಕೆದಕಲಿಲ್ಲ.

ಕೊನೆಗೆ ಎರಡು ಓಣಿ ಆಚೆಗಿದ್ದ ಸಾಹುಕಾರರ ಅಂಗಡಿಗೆ ಹೋಗಿ, ಕಲಿತ ವಿದ್ಯೆಯನ್ನು ಮೆರೆಸುತ್ತ, ಸೀರೆಯನ್ನು ತಿರುವಿ, ಬೆರಳಾಡಿಸಿ, ಮುದ್ರೆಯನ್ನು ಕೇಳಿ ನೋಡಿ ಒಂದನ್ನು ಕೊಂಡೆವು. ಅದು ಯಾರ ಮಗ್ಗದ್ದೋ, ಯಾರ ಹೆಂಡತಿಯ ಕೊಂಡಿಯೋ ತಿಳಿಯುವಂತಿರಲಿಲ್ಲ. ಅತ್ತೆಯವರು ಹೆಬ್ಬೆರಳು ಸವರಿ, "ಈಗ ಖರೇ ತಂದಿ ನೋಡು" ಎಂದರು. ಮೊದಲು ಕೊಂಡ ಸೀರೆಯನ್ನೂ ಅವರು ಬಿಡಲಿಲ್ಲ. ದಿನಬಳಕೆಗೆ ಅದೇ ಹಗುರವೆಂದು ಉಡುತ್ತಿದ್ದಾರೆ.

ಮರುವರ್ಷ ಬೇಸಗೆಯ ರಜೆಯಲ್ಲಿ ಮತ್ತೆ ಆ ಕಡೆ ಹೋಗುವ ಸಂದರ್ಭ ಬಂದಾಗ ಆ ಮನೆಯನ್ನು ಹುಡುಕಿಕೊಂಡು ಹೋದೆವು. ಓಣಿಯ ಬಾಯಿಯಲ್ಲಿಯೇ ಕಿವಿಗೊಟ್ಟೆವು. ನಿಂತು ನಿಂತು ಬರುವ ಆ ಶಬ್ದ ಕೇಳಿಸಿತು. ಪಡಸಾಲೆಯಲ್ಲಿ ಗಂಡನು ನೇಯುತ್ತಿದ್ದನು. ಮಗನ ಮಗ್ಗ ಇದ್ದ ಎಡೆಯಲ್ಲಿ ಮಗ್ಗವಿರಲಿಲ್ಲ. ಚೌಕಟ್ಟನ್ನು ಬಿಚ್ಚಿ ಅಟ್ಟಕ್ಕೆ ಏರಿಸಿದ್ದರು. ಕುಣಿಗೆ ಕೆಂಪು ಮಣ್ಣು ತುಂಬಿಸಿದ್ದರು. ಮಗಳ ಮದುವೆಯ ಮಾತು ನಡೆಯುತ್ತಿದೆ, ಬರುವವರಿಗೆ ಕೂರಲು ಎಡೆ ಬೇಕು ಎಂದು ಆಕೆ ಹೇಳಿದರು. ಉಳಿದ ನೆಲವೆಲ್ಲ ಗಾರೆಯಾಗಿದ್ದು ಅಷ್ಟು ಭಾಗ ಮಾತ್ರ ಮಣ್ಣಾಗಿಯೇ ಉಳಿದಿತ್ತು. ಸಿಮೆಂಟನ್ನು ಏಕೆ ಹಾಕಿಸಲಿಲ್ಲವೆಂದು ನಾವು ಕೇಳಿದೆವು.

ಆತನು ಲಾಳಿಯನ್ನು ನಿಲ್ಲಿಸದೆಯೇ, "ಮಣ್ಣಾದ್ರ ಒಂದ್ ತಾಸಿನ್ಯಾಗ ತೆಗೀಬಹುದ್ರೀ" ಎಂದನು.

ಆ ಮಣ್ಣಿನ ಮೇಲೆ ಚಾಪೆ ಹಾಸಿತ್ತು. ಅಜ್ಜಿಯವರಿಗೆ ಕಣ್ಣು ಮಂಜಾಗಿದ್ದುದರಿಂದ ಅವರ ರಾಟೆಯ ಮುಂದೆ ಮಗಳು ಕುಳಿತು ಕಂಡಿಕೆ ಸುತ್ತುತ್ತಿದ್ದಳು.